ಗಂಗಾಧರಸ್ವಾಮಿ ಕೊಟ್ಟ ಬೋರ್ಡು

ಗಂಗಾಧರಸ್ವಾಮಿಯ ಹೆಸರು ಕೇಳಿದರೆ ಸಾಕು, ಶಿವರಂಜನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನದ ಉರಿಯಲ್ಲ, ಎರಡು ವರ್ಷದ್ದು. ಕೋಪ ನುಂಗಿಕೊಳ್ಳುವವರೇ ದೊಡ್ಡವರು ಎಂದು ಬುದ್ಧಿ ಹೇಳುವ ಜನ ಬೇಕಾದಷ್ಟಿದ್ದಾರೆ. ಅವರ ಮಾತು ಕೇಳಿದ್ದರೆ ಅವಳ ಅಂಗಡಿ ಇಷ್ಟು ಹೊತ್ತಿಗೆ ಗುಜರಿ ಸೇರಿರುತ್ತಿತ್ತು.

ಅಂಗಡಿ ಎಂದರೆ ನಂಜನಗೂಡಿನ ಮನೆಯ ಮುಂದಿನ ಕೋಣೆ. ಅಲ್ಲೊಂದು ಕಂಪ್ಯೂಟರು, ಒಂದು ಪ್ರಿಂಟರು. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ಏನೇ ಇರಲಿ, ಅಕ್ಷರ ಜೋಡಿಸಿ, ಅಂಚಿಗೆ ಬಳ್ಳಿ ಕೂರಿಸಿ ಕಾರ್ಡು ಮಾಡಿಕೊಡುತ್ತಿದ್ದಳು. ಸಂಜೆ ಗಂಡ ಮದನ್ ಕಾರ್ಖಾನೆಯಿಂದ ಬಂದು ಅದೇ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಿದ್ದ. ಎರಡೆರಡು ಕಂಪ್ಯೂಟರ್ ಇಡುವ ಮನೆಯಲ್ಲ ಅದು. ಅದಕ್ಕೇ 2002ರಲ್ಲಿ ಕೊಳ್ಳುವಾಗಲೇ ಬಾಯಿಬಿಟ್ಟು ಹೇಳಿದ್ದರು: ಹಗಲೆಲ್ಲ ದುಡಿಯಬೇಕು, ಸಂಜೆ ಆಡಬೇಕು, ಎರಡನ್ನೂ ತಡೆಯುವಂಥ ಮದರ್‌ಬೋರ್ಡು ಹಾಕಿಕೊಡಿ ಎಂದು.

ಹೇಳಿದ್ದು ಗಂಗಾಧರಸ್ವಾಮಿಗೆ. ಮದನ್‌ನ ಸೋದರಮಾವನ ಮಗ ಅವನು, ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. "ನಮ್ಮೋರ್ಗೇ ನಾನು ಕಳಪೆ ಕೊಟ್ಟೇನಾ?" ಎಂದು ಎದೆ ಮುಟ್ಟಿಕೊಂಡು, ಕಂಪನಿಯ ಹೆಸರೇ ಇಲ್ಲದ ಡಬ್ಬದಿಂದ ಕಣ್ಣು ಕುಕ್ಕುವ ಕೆಂಪು ಬೋರ್ಡೊಂದನ್ನು ತೆಗೆದು ಜೋಡಿಸಿಕೊಟ್ಟ.

ನಾಲ್ಕನೆಯ ತಿಂಗಳಿಗೆ ಅದು ನಿಂತಲ್ಲೇ ನಿಲ್ಲತೊಡಗಿತು. ಮೌಸ್ ಅಲುಗದು, ಯಾವ ಕೀ ಒತ್ತಿದರೂ ಕೇಳದು. ಆರಿಸಿ ಹಾಕಿದರೆ ಅಲ್ಲಿಯವರೆಗೆ ಮಾಡಿದ ಕೆಲಸವೆಲ್ಲ ಮಾಯ. ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ "ಕರೆಂಟ್ ಪ್ರಾಬ್ಲಮ್ಮು ಕಣವ್ವ, ಸರಿ ಓಯ್ತದೆ" ಎಂದ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅತ್ತೆ ಚನ್ನಬಸಮ್ಮ ಕಂಪ್ಯೂಟರಿನ ಪೆಟ್ಟಿಗೆಯ ಬಾಗಿಲು ತೆಗೆಸಿ, "ಕೆಲ್ಸ ಮಾಡದು ಒಳಗಿರದು ತಾನೆ? ಅದುಕ್ಕೇ ಮೊದ್ಲು ಇಕ್ಬೇಕು" ಎಂದು ಕೆಂಪು ಬೋರ್ಡಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಕಾಟ ಕೊಡುವ ಯಂತ್ರ ದೇವರ ದಯದಿಂದಲಾದರೂ ನೆಟ್ಟಗಾಗಲಿ ಎಂದು ಶಿವರಂಜನಿಯೂ ಸುಮ್ಮನಿದ್ದಳು.

ಅದೇ ಹೊತ್ತಿಗೆ ನಾದಿನಿ ಪವಿತ್ರಳ ಮದುವೆ ನಿಕ್ಕಿಯಾಯಿತು. ಮೊದಲ ಕಾರ್ಡಿಗೆ ಅರಿಶಿನ ಹಚ್ಚಿ ಸೋಮವಾರ ನಂಜುಂಡೇಶ್ವರನ ಮುಂದಿಟ್ಟ ಮೇಲೆಯೇ ಉಳಿದವರಿಗೆ ಹಂಚುವುದು. ಆ ವಾರ ಕಂಪ್ಯೂಟರು ನಾಲ್ಕು ಸಲ ನಿಂತಿತು. ಸೋಮವಾರ ತಪ್ಪಿತು, ಇನ್ನೊಂದು ಸೋಮವಾರವೂ ತಪ್ಪಿತು. ಬೀಗರ ಕಡೆಯ ಹಿರಿಯರಿಗೆ ಕಾರ್ಡು ಮುಟ್ಟಿದ್ದು ಮದುವೆಗೆ ಐದು ದಿನವಿರುವಾಗ. ಆ ನಡುವೆ ಒಮ್ಮೆ ಗಂಗಾಧರಸ್ವಾಮಿ ಬಂದು ಪೆಟ್ಟಿಗೆ ತೆರೆದವನು, ವಿಭೂತಿ ಕಂಡದ್ದೇ ಹೊಟ್ಟೆ ಹಿಡಿದು ನಕ್ಕು, ಏನೂ ಮುಟ್ಟದೆ ಎದ್ದು ಹೋಗಿದ್ದ.

ನಕ್ಕು ಸುಮ್ಮನಾಗಿದ್ದರೆ ಶಿವರಂಜನಿ ಮರೆತೇಬಿಡುತ್ತಿದ್ದಳೇನೋ. ಕಳಲೆಯಲ್ಲಿ ಮದುವೆಯ ಊಟದ ಪಂಕ್ತಿ. ಇನ್ನೂರು ಜನ ಕೂತಿದ್ದಾರೆ. ಕಾರ್ಡು ಯಾಕೆ ತಡವಾಯಿತೆಂದು ಯಾರೋ ಕೇಳಿದರು. ಗಂಗಾಧರಸ್ವಾಮಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಇಡೀ ಪಂಕ್ತಿಗೆ ಕೇಳುವಂತೆ ಹೇಳಿದ: "ನಾನ್ ಕೊಟ್ಟಿದ್ದು ಚಿನ್ನದಂಥ ಮಿಷಿನ್ನು ಕಣ್ರಣ್ಣ. ಅತ್ತೆ ಸೊಸೆ ಸೇರ್ಕಂಡು ಬೋರ್ಡಿಗೆ ಇಬೂತಿ ಬಳ್ದವ್ರೆ! ಅದೂ ಓಗ್ಲಿ. ಆವಮ್ಮನ ಕೈಗುಣನೇ ಸರಿಯಿಲ್ಲ. ಮಂಗಳದ ಕಾರ್ಡ ಆ ಕೈಲಿ ಮಾಡಿಸ್‌ಬಾರ್ದು."

ಪಂಕ್ತಿಯೆಲ್ಲ ನಕ್ಕಿತು. ಕೈಯಲ್ಲಿ ಪಾಯಸದ ಬಕೆಟ್ಟು ಹಿಡಿದು ಶಿವರಂಜನಿ ಅಲ್ಲೇ ನಿಂತಿದ್ದಳು.

ಕೈಗುಣ ಸರಿಯಿಲ್ಲ ಎಂದ ಮೇಲೆ ಲಗ್ನಪತ್ರಿಕೆ ಮಾಡಿಸಲು ಯಾರು ಬರುತ್ತಾರೆ? ಬದನವಾಳಿನವರು ಕೊಟ್ಟ ಕೆಲಸ ವಾಪಸು ಪಡೆದರು. ಕಳಲೆಯವರು ಮುಖ ತಿರುಗಿಸಿಕೊಂಡು ಮೈಸೂರಿಗೆ ಹೋದರು. ಅವಳ ಪಾಲಿಗೆ ಉಳಿದದ್ದು ಬಾಡಿಗೆ ಕರಾರು ಮತ್ತು ತಿಥಿಯ ಕಾರ್ಡು. ತಿಥಿಗೆ ಮಾತ್ರ ಅವಳ ಕೈ ಆಗುತ್ತಿತ್ತು! ಈ ಮಾತು ಅವಳನ್ನು ಸುಟ್ಟಷ್ಟು ಬೇರೆ ಯಾವುದೂ ಸುಡಲಿಲ್ಲ.

ಊರಿನಲ್ಲಿ ಟೀವಿ ರಿಪೇರಿ ಮಾಡುವ ರಾಚಯ್ಯನ ಹತ್ತಿರ ಆ ಬೋರ್ಡು ಬಿಚ್ಚಿಕೊಂಡು ಹೋದಳು. ಅವನು ಒಂದೇ ಸಲ ನೋಡಿ ಬೆರಳು ಇಟ್ಟ.

"ಈ ಪುಟ್ಟ ಡಬ್ಬಿ ಇದಾವಲ್ಲ, ಕೆಪಾಸಿಟರು, ಕರೆಂಟ್ನ ಒಂದೇ ಸಮ ಮಾಡಿ ಕೊಡವು ಇವೇಯ. ತಲೆ ಚಪ್ಪಟೆ ಇರ್ಬೇಕು. ಇವು ನೋಡವ್ವ, ಪೂರಿ ಉಬ್ದಂಗೆ ಉಬ್ಬವೆ."

"ಇಬೂತಿಯಿಂದ ಇಂಗಾಯ್ತಾ?"

"ಇಬೂತಿ ಏನ್ ಮಾಡ್ತು? ಬ್ರಷ್ಷಲ್ಲಿ ಒರೆಸುದ್ರೆ ಓಯ್ತು. ಮಾಲೇ ಕಳಪೆ."

ಆ ಕ್ಷಣವೇ ನರಸೀಪುರದ ಬಸ್ಸು ಹತ್ತಿ ಬೋರ್ಡನ್ನು ಗಂಗಾಧರಸ್ವಾಮಿಯ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಅವನು ತಪ್ಪೊಪ್ಪಿಕೊಂಡರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಪಂಕ್ತಿಯಲ್ಲಿ ಆಡಿದ್ದನ್ನು ಜನರ ಮುಂದೆಯೇ ನುಂಗಬೇಕು. ಅದೊಂದೇ ಅವಳಿಗೆ ಬೇಕಾಗಿದ್ದದ್ದು.

ಮೊದಲು ತನ್ನ ಯಂತ್ರ ನೆಟ್ಟಗೆ ಮಾಡಿಕೊಂಡಳು. ಗಂಡನ್ನು ಒಪ್ಪುವಾಗಲೂ ಅವಳು ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಹಳೆಯ ಕಂಪ್ಯೂಟರ್ ಪತ್ರಿಕೆ ತಂದು ಓದಿದಳು. ಮೈಸೂರಿನ ಅಂಗಡಿಗಳಲ್ಲಿ ಬೋರ್ಡು ಕೈಗೆತ್ತಿಕೊಂಡು ಒಂದೊಂದು ಕೆಪಾಸಿಟರಿನ ತಲೆಯ ಮೇಲೂ ಬೆರಳಾಡಿಸಿದಳು. ಮದನ್‌ಗೆ ನೀಲಿ ದೀಪ ಮಿನುಗುವ, ವೇಗ ಏರಿಸಬಹುದಾದ ಬೋರ್ಡಿನ ಮೇಲೆ ಆಸೆ. "ದೀಪ ಬೇಕಾದ್ರೆ ಸೀರಿಯಲ್ ಸೆಟ್ ತಂದ್ಕೊಡ್ತೀನಿ ಬನ್ನಿ" ಎಂದು, ಸೊಗಸಿಲ್ಲದ, ತೂಕವಾದ ಹಸಿರು ಬೋರ್ಡೊಂದನ್ನು ಆರಿಸಿದಳು. ಮನೆಗೆ ತಂದು, ಒಂದು ಕಡೆ ಕಾರ್ ರೇಸ್ ಓಡಿಸಿ, ಅದರ ಹಿಂದೆಯೇ ದೊಡ್ಡದೊಂದು ಕಾರ್ಡಿನ ಪುಟ ತೆರೆದು, ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಟ್ಟಳು. ಒಂದು ಸಲವೂ ನಿಲ್ಲಲಿಲ್ಲ. ಕೆಲಸಗಾರ ಯಂತ್ರ ಹೀಗಿರಬೇಕು. ಆದರೂ ಲಗ್ನಪತ್ರಿಕೆಯವರು ಬರಲಿಲ್ಲ. ಬೋರ್ಡು ಬದಲಾಯಿತೇ ಹೊರತು ಅವಳ ಕೈ ಅದೇ ಅಲ್ಲವೇ!

ಕಾದಳು. 2005ರ ಬೇಸಿಗೆಗೆ ಕಾದದ್ದು ಕೈಗೆ ಬಂತು. ಟಿ. ನರಸೀಪುರದ ಮಹಿಳಾ ಸಂಘದವರು ಹುಡುಗಿಯರಿಗೆ ಕಲಿಸಲು ಆರು ಕಂಪ್ಯೂಟರ್ ತರಿಸುತ್ತಿದ್ದರು, ಕೊಡುವವನು ಗಂಗಾಧರಸ್ವಾಮಿ. ಸಂಘದ ಅಧ್ಯಕ್ಷೆ ಪುಟ್ಟಬಸಮ್ಮ ಚನ್ನಬಸಮ್ಮನ ಚಿಕ್ಕಮ್ಮನ ಮಗಳು. "ತಗೊಳೋಕೆ ಮುಂಚೆ ಎಲ್ರ ಎದ್ರುಗೆ ಓಡ್ಸಿ ನೋಡಿ ದೊಡ್ಡಮ್ಮ, ನಾನೇ ಬತ್ತೀನಿ" ಎಂದು ಶಿವರಂಜನಿ ಹೇಳಿಬಂದಳು. ಸುದ್ದಿ ಕೇಳಿ ಗಂಗಾಧರಸ್ವಾಮಿ, "ಬರ್ಲಿ ಬುಡಿ, ಇಬೂತಿನೂ ತರ್ಲಿ" ಎಂದನಂತೆ.

ಅಂದು ಸಂಘದ ಹಾಲಿನಲ್ಲಿ ನಲವತ್ತು ಹೆಂಗಸರು ಸೇರಿದ್ದರು. ಎರಡನೆಯ ಸಾಲಿನಲ್ಲಿ ಪವಿತ್ರಳ ಅತ್ತೆಯೂ ಇದ್ದರು, ಶಿವರಂಜನಿಯೇ ಕರೆತಂದಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಆರೂ ಕಂಪ್ಯೂಟರಿಗೆ ಶಿವರಂಜನಿ ಕಾರ್ ರೇಸ್ ಹಾಕಿದಳು, ಹಿಂದೆ ಕಾರ್ಡಿನ ಪುಟ ತೆರೆದಳು. ಹುಟ್ಟಿದ ಮೇಲೆ ಸೈಕಲ್ಲನ್ನೂ ತುಳಿಯದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕಾರು ಓಡಿಸಿದರು, ಗೋಡೆಗೆ ಗುದ್ದಿ ನಕ್ಕರು. ಗಂಗಾಧರಸ್ವಾಮಿಯೂ ನಕ್ಕ.

ಹತ್ತೂವರೆಗೆ ಒಂದು ನಿಂತಿತು. "ಕರೆಂಟು" ಎಂದ. ಹನ್ನೊಂದಕ್ಕೆ ಇನ್ನೊಂದು. "ಸೆಕೆ" ಎಂದ. ಹನ್ನೆರಡಾಗುವಷ್ಟರಲ್ಲಿ ನಾಲ್ಕು ನಿಂತಿದ್ದವು, ಅವನ ನಗುವೂ ನಿಂತಿತ್ತು. ಶಿವರಂಜನಿ ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆ ಬಿಚ್ಚಿ, ಒಬ್ಬೊಬ್ಬರನ್ನೇ ಕರೆದು ಒಳಗಿನ ಉಬ್ಬಿದ ತಲೆಗಳನ್ನು ತೋರಿಸಿದಳು. "ಇವುಕ್ಕೆ ಯಾರೂ ಪೂಜೆ ಮಾಡಿಲ್ಲ, ನೋಡಿ" ಎಂದಳು.

ಗಂಗಾಧರಸ್ವಾಮಿ ಅವಳನ್ನು ಜಗಲಿಗೆ ಕರೆದ. ಬೆವರು ಒರೆಸಿಕೊಳ್ಳುತ್ತ, "ಬೆಂಗ್ಳೂರಲ್ಲಿ ಒಂದೇ ಸಲ ಅರವತ್ತು ಬೋರ್ಡು ತಂದ್ಬುಟ್ಟಿದ್ದೆ ಕಣವ್ವ. ಆಮ್ಯಾಕೆ ಗೊತ್ತಾಯ್ತು ಮಾಲು ಸರಿಯಿಲ್ಲ ಅಂತ, ಮಾರ್ದೆ ಉಳ್ದವು ಬಿದ್ದಲ್ಲೇ ಇನ್ನೂ ಕೆಟ್ಟೋದ್ವು. ಎಲ್ಲಾನೂ ಬದ್ಲಾಯಿಸಿ ಕೊಡ್ತೀನಿ, ನಿಂಗೂ ಹೊಸಾದು ಕೊಡ್ತೀನಿ. ಇಲ್ಲಿಗೇ ಬುಟ್‌ಬುಡು" ಎಂದ.

"ಕಳಲೇಲಿ ಊಟ ಮಾಡ್ತಾ ಆಡಿದ್ರಲ್ಲ, ಆಗ ಗೊತ್ತಿತ್ತಾ?"

ಅವನು ನೆಲ ನೋಡಿದ. ಗೊತ್ತಿತ್ತು. ಗೊತ್ತಿದ್ದೇ ಆಡಿದ್ದ. 

"ನಂಗೆ ಬೋರ್ಡ್ ಬ್ಯಾಡ. ಒಳಗ್ ಬಂದು ಹೇಳಿ. ಇಲ್ಲಾಂದ್ರೆ ಉಳ್ದ ಬೋರ್ಡು ಯಾರ್ಯಾರ ಮನೇಲಿವೆ ಅಂತ ನಾನೇ ಒಂದೊಂದ್ ಮನೆ ಬಾಗ್ಲು ತಟ್ತೀನಿ."

ಅವನು ಒಳಗೆ ಬಂದ. ನಲವತ್ತು ಮುಖ ಅವನ ಕಡೆ ತಿರುಗಿದವು. "ನಾನ್ ಕೊಟ್ಟ ಬೋರ್ಡೇ ಕೆಟ್ಟದ್ದು. ಪವಿತ್ರನ ಮದ್ವೇಲಿ ನಾನ್ ಆಡಿದ್ದು ಸುಳ್ಳು. ಇವ್ಳ ಕೈಗುಣದಲ್ಲೇನೂ ತಪ್ಪಿಲ್ಲ" ಎಂದು ಗೊಣಗಿದ.

"ಹಿಂದಿರೋರ್ಗೆ ಕೇಳ್ಲಿಲ್ಲ" ಎಂದಳು ಶಿವರಂಜನಿ.

ಗಟ್ಟಿಯಾಗಿ ಹೇಳಿದ. ಪವಿತ್ರಳ ಅತ್ತೆಯ ಕಡೆ ಕೈ ತೋರಿಸಿ, ಅವರಿಗೆ ಹೇಳಿ ಎಂದಳು. ಅವರ ಮುಂದೆ ನಿಂತು ಮೂರನೆಯ ಸಲ ಹೇಳುವಾಗ ಅವನ ದನಿ ಒಡೆದು ಕಣ್ಣಲ್ಲಿ ನೀರು ಬಂತು. ಹೆಂಗಸರು ತಲೆ ತಗ್ಗಿಸಿದರು. ಪುಟ್ಟಬಸಮ್ಮ ಎದ್ದು ಬಂದು ಶಿವರಂಜನಿಯ ತೋಳು ಹಿಡಿದು, "ಸಾಕು ಬುಡವ್ವ, ಓಗ್ಲಿ" ಎಂದರು.

ಸಾಕೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಎದೆ ತಣ್ಣಗಾಗಿತ್ತು, ಆ ತಂಪು ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ನಾಚಿಕೆಯೂ ಆಗಲಿಲ್ಲ. ಪುಟ್ಟಬಸಮ್ಮನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಇನ್ನೊಂದ್ಸಲ ಹೇಳಿ" ಎಂದಳು.