ಭಿಟೌಲಿ ಹೊತ್ತ ತಂಗಿ

ನಮ್ಮ ಬೆಟ್ಟದ ಸೀಮೆಯಲ್ಲಿ ಚೈತ್ರ ಬಂತೆಂದರೆ ಅಣ್ಣನಾದವನು ಮದುವೆಯಾದ ತಂಗಿಯ ಮನೆಗೆ ಪೂರಿ, ಸೀರೆಯ ಉಡುಗೊರೆ ಹೊತ್ತು ತರಬೇಕು; ಅದೇ ಭಿಟೌಲಿ. ಅವಳು ಬಾಯಿಬಿಟ್ಟು ಕೇಳುವಂತಿಲ್ಲ. ತಿಂಗಳು ಮುಗಿಯಲು ಎರಡೇ ದಿನವಿದ್ದರೂ ಕುಂದನಣ್ಣ ಬಂದಿರಲಿಲ್ಲ. ನಾನು ದಾರಿ ನೋಡುತ್ತಲೇ ಇದ್ದೆ.

"ನಿಮ್ಮಣ್ಣ ಇನ್ನೂ ಎಣ್ಣೆ ಕಾಯಿಸ್ತಿದ್ದಾನೇನೋ," ಎಂದು ಅತ್ತೆ ಚುಚ್ಚಿದರು.

ಅಂದು ಮಧ್ಯಾಹ್ನ ಚಾರಣ ಮುಗಿಸಿ ಬೆಟ್ಟ ಇಳಿದ ಹುಡುಗಿಯೊಬ್ಬಳು ನನ್ನ ಚಹಾದಂಗಡಿಯಲ್ಲಿ ಕೂತು, ಮೇಲಿನೂರಿನ ಪಾಳುಗುಡಿಗಳ ಫೋಟೊ ತೋರಿಸಿದಳು. ಅದು ನನ್ನ ತವರು. ಗುಡಿಯ ಮುರಿದ ಶಿಖರದ ಹಿಂದೆ ಕಾಣುತ್ತಿದ್ದ ನಮ್ಮ ಅಂಗಳವನ್ನು ದೊಡ್ಡದು ಮಾಡಿ ನೋಡಿದೆ. ಅಣ್ಣ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಿಸಿಲಲ್ಲಿ ಕೂತಿದ್ದ.

"ಈ ಅಜ್ಜ ಬಿದ್ದು ಕಾಲು ಮುರ್ಕೊಂಡಿದ್ದಾರೆ. ಕೆಳಗಿರೋ ತಂಗಿಗೆ ಹೇಳ್ಬೇಡ, ಅಳ್ತಾಳೆ ಅಂದ್ರು... ಅಯ್ಯೋ, ನೀವೇನಾ ಅದು?"

ಮರುದಿನ ಬೆಳಿಗ್ಗೆ ನಾನೇ ಪೂರಿ ಕರಿದು ಬುಟ್ಟಿಗೆ ತುಂಬಿದೆ.

"ತಂಗಿ ಭಿಟೌಲಿ ಒಯ್ಯೋದು ಎಲ್ಲಾದ್ರೂ ಉಂಟೇನೇ?" ಎಂದರು ಅತ್ತೆ.

"ಇವತ್ತಿಂದ ಉಂಟು, ಅತ್ತೆ."

ಅವರು ಒಳಗಿಂದ ಬೆಲ್ಲದ ಉಂಡೆಯೊಂದನ್ನು ತಂದು ಬುಟ್ಟಿಯಲ್ಲಿಟ್ಟರು.

"ನಮ್ಮಣ್ಣ ಮುಪ್ಪಾಗಿ ಬರೋದು ನಿಲ್ಲಿಸಿದ ಮೇಲೂ ಆರು ವರ್ಷ ಬದುಕಿದ್ದ," ಎಂದರು. "ನಾನು ಬಾಗಿಲಲ್ಲೇ ಕೂತು ಕಾದೆ. ನಡಿ, ಹೊತ್ತಾಗುತ್ತೆ."