ಬೆರಳು ಕಾಣುವ ಫೋನು

ಮದುರೈಯ ಟೌನ್‌ಹಾಲ್ ರಸ್ತೆಯ ಆ ಮೊಬೈಲ್ ಅಂಗಡಿಗೆ ಕಾಲಿಟ್ಟಾಗಿನಿಂದ ಪೇಚ್ಚಿಯಮ್ಮ ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದಳು. ಕುರ್ಚಿ ಕೊಟ್ಟರೆ ಎದ್ದು ನಿಂತಳು, ನಿಂತವಳು ಬಾಗಿಲವರೆಗೆ ಹೋಗಿ ಮರಳಿದಳು. ಮಗಳು ಇಳವರಸಿ ಮಾತ್ರ ಗಾಜಿನ ಮೇಜಿಗೆ ಮೊಣಕೈಯೂರಿ, ಎದುರಿಗಿದ್ದ ಫೋನುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು.

ಇಳವರಸಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ರವಿಕೆಗಳಿಗೆ ಕಸೂತಿ ಹಾಕಿ ಕೂಡಿಟ್ಟ ಸ್ವಂತ ದುಡ್ಡಿನಲ್ಲಿ ಫೋನು ಕೊಳ್ಳಲು ಬಂದಿದ್ದಳು. ತಿರುಚ್ಚಿಯ ತವಮಣಿಯೊಡನೆ ಅವಳ ಮದುವೆ ನಿಶ್ಚಯವಾಗಿತ್ತು, ಆಮೇಲೆ ಅವನು ಮದುರೈಗೇ ಬಂದಿರುವುದೆಂದು ಮಾತಾಗಿತ್ತು. ಅವನೂ ಕಿವುಡ, ಮರಗೆಲಸದವನು, ಓದುಬರಹ ಅಷ್ಟಕ್ಕಷ್ಟೆ. ಇಬ್ಬರೂ ವೀಡಿಯೊ ಕರೆ ಮಾಡಿ, ಕಿವುಡರ ಶಾಲೆಯಲ್ಲಿ ಕಲಿತ ಸನ್ನೆಯಲ್ಲೇ ಮಾತಾಡುತ್ತಿದ್ದರು. ಆದರೆ ಅವಳ ಹಳೇ ಫೋನಿನಲ್ಲಿ ಸಂಜೆಯಾದರೆ ಸಾಕು, ಕೈಗಳು ಮಸುಕಾಗಿ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಹಾಗಾಗಿ ಮುಖ್ಯವಾದ ಮಾತೆಲ್ಲ ತವಮಣಿಯ ಅಕ್ಕನಿಂದ ಪೇಚ್ಚಿಯಮ್ಮನಿಗೆ ಬಂದು, ಅವಳ ಕೈಯಿಂದ ಮಗಳಿಗೆ ಮುಟ್ಟುತ್ತಿತ್ತು. ತಾಯಿಮಗಳಿಗೆ ಅವರದೇ ಮನೆಸನ್ನೆಗಳಿದ್ದವು.

ಕಳೆದ ವಾರ ಆ ಅಕ್ಕ ಫೋನು ಮಾಡಿದ್ದಳು. "ಅಮ್ಮಾ, ಮದುವೆಯಾದ್ಮೇಲೆ ಮದುರೈಗೆ ಬರಲ್ಲ ಅಂತಾನೆ ನಮ್ಮ ತಮ್ಮ. ಕೆಲಸ ಇರೋದು ಇಲ್ಲಿ, ಸ್ನೇಹಿತರಿರೋದೂ ಇಲ್ಲೇ. ಇಳವರಸಿ ಏನಂತಾಳೋ ಒಂದು ಮಾತು ಕೇಳಿ ಹೇಳಿ."

"ಕೇಳ್ತೀನಮ್ಮಾ," ಎಂದಿದ್ದ ಪೇಚ್ಚಿಯಮ್ಮ ಇವತ್ತಿನವರೆಗೂ ಕೇಳಿರಲಿಲ್ಲ.

"ಒಂದೇ ಫೋನು, ಮೂರು ಮಾಡೆಲ್ಲು," ಎಂದ ಅಂಗಡಿಯ ಕದಿರೇಶನ್. ಕೊಳ್ಳುವವಳು ಎದುರಿಗಿದ್ದರೂ ಅವನ ಮಾತೆಲ್ಲ ತಾಯಿಯ ಕಡೆಗೇ. "ಇದು ಸಾದಾ. ಇದು ಪ್ಲಸ್ಸು, ಪರದೆ ದೊಡ್ಡದು, ಬ್ಯಾಟರಿ ತುಂಬ ಹೊತ್ತು ಬರುತ್ತೆ. ಇದು ಪ್ರೋ, ನೋಡೋಕೆ ಚಿಕ್ಕದು, ಕ್ಯಾಮೆರಾ ಮಾತ್ರ ಬೇರೇನೇ."

"ಪ್ಲಸ್ಸೇ ಕೊಡು ತಂಬಿ. ದೊಡ್ಡದಿದ್ರೆ ಒಳ್ಳೇದಲ್ವಾ."

ಇಳವರಸಿ ತಾಯಿಯ ತೋಳು ತಟ್ಟಿದಳು. ಕತ್ತಲಲ್ಲಿ ಕೈ ಯಾವುದರಲ್ಲಿ ಕಾಣುತ್ತದೆಂದು ನೋಡದೆ ತಗೊಳ್ಳಲ್ಲ ಎಂದು ಸನ್ನೆ ಮಾಡಿದಳು. ಪೇಚ್ಚಿಯಮ್ಮ ಒಲ್ಲದ ಮನಸ್ಸಿನಿಂದಲೇ ಅದನ್ನು ಹೇಳಿದಳು.

"ಅದಕ್ಕೇನಂತೆ, ನೋಡೇ ಬಿಡೋಣ," ಎಂದ ಕದಿರೇಶನ್. ಮೊದಲು ಪ್ಲಸ್ಸನ್ನು ಇಳವರಸಿಯ ಕೈಗಿಟ್ಟು, ಮಬ್ಬುಗತ್ತಲಿದ್ದ ಮಹಡಿ ಮೆಟ್ಟಿಲ ಬಳಿಗೆ ಕಳಿಸಿದ. ಅಲ್ಲಿಂದ ಅವಳು ಮಾಡಿದ ವೀಡಿಯೊ ಕರೆ, ಅವನು ತಾಯಿಯ ಕೈಗೆ ಕೊಟ್ಟಿದ್ದ ಅಂಗಡಿಯ ಇನ್ನೊಂದು ಫೋನಿಗೆ ಬಂತು. ಪರದೆಯಲ್ಲಿ ಮಗಳ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಹಿಟ್ಟು ನಾದುವವರ ಕೈಯಂತೆ ಕಂಡವು. ಆಮೇಲೆ ಪ್ರೋ. ಈಗ ಒಂದೊಂದು ಬೆರಳೂ ಬಿಡಿಬಿಡಿಯಾಗಿ ಕಂಡಿತು. ಸೂಜಿ ಹಿಡಿದು ಒರಟಾದ ಹೆಬ್ಬೆರಳ ತುದಿ ಕೂಡ.

'ಹಸಿವಾಯ್ತಾ?' ಎಂದು ಕೇಳುತ್ತಿದ್ದಳು ಇಳವರಸಿ. ಇನ್ನು ಇವಳ, ತವಮಣಿಯ ನಡುವೆ ತನಗೇನು ಕೆಲಸ ಎಂದುಕೊಂಡಳು ತಾಯಿ.

ಮಗಳು ಮರಳಿ ಬಂದು ಹುಬ್ಬೇರಿಸಿದಳು. ಪೇಚ್ಚಿಯಮ್ಮ ಪ್ಲಸ್ಸನ್ನು ಮುಟ್ಟಿ, ಇದೇ ಚೆನ್ನಾಗಿತ್ತು ಎಂದು ತೋರಿಸಿಬಿಟ್ಟಳು.

ಪಕ್ಕದಲ್ಲೇ ನಿಂತಿದ್ದ ಕದಿರೇಶನ್ ದನಿ ತಗ್ಗಿಸಿದ. "ಅಮ್ಮಾ, ಹಂಗೇನಿಲ್ವಲ್ಲ. ನಾನೂ ನೋಡಿದೆ."

"ಕಣ್ಣು ನಂದು. ಬಿಲ್ ಹಾಕು."

ಇಳವರಸಿ ತಾಯಿಯ ಮಾತಿನ ಮೇಲೆ ಎಂದೂ ಸಂಶಯಪಟ್ಟವಳಲ್ಲ. ಬಿಲ್ಲಿನ ಕಿಟಕಿಗೆ ಹೋಗಿ ಪರ್ಸು ತೆರೆದಳು. ಪೇಚ್ಚಿಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು ಅವಳು. ಡಾಕ್ಟರು ಹೇಳಿದ್ದನ್ನು ಮನೆಯವರು ರೋಗಿಯಿಂದ ಮುಚ್ಚಿಟ್ಟಾಗ ಆ ರೋಗಿ ಎಲ್ಲರ ಮುಖ ನೋಡುತ್ತ ಮಲಗಿರುವುದನ್ನು ಎಷ್ಟೋ ಸಲ ಕಂಡಿದ್ದಳು. ಕಿಟಕಿಯೊಳಗೆ ಚಾಚಿದ ಮಗಳ ಕೈಯನ್ನು ತಟ್ಟನೆ ಹಿಡಿದುಕೊಂಡಳು.

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಪ್ರೋದಲ್ಲೇ ಕೈ ಕಂಡದ್ದು. ಅಕ್ಕನ ಫೋನು ಬಂದದ್ದು. ತವಮಣಿ ತಿರುಚ್ಚಿ ಬಿಟ್ಟು ಬರುವುದಿಲ್ಲ ಎಂದದ್ದು. ತಾನು ಹೇಳದೆ ನುಂಗಿಕೊಂಡದ್ದು.

ಇಳವರಸಿ ತಾಯಿಯ ಕೈಗಳನ್ನು ಕೊನೆಯವರೆಗೂ ನೋಡಿದಳು. ಆಮೇಲೆ ಬೆನ್ನು ತಿರುಗಿಸಿದಳು. ಅವಳು ಬೆನ್ನು ತಿರುಗಿಸಿದರೆ ಮುಗಿಯಿತು, ಕೂಗಿದರೂ ತಲುಪದು, ಕೈಯಾಡಿಸಿದರೂ ತಲುಪದು. ರಸ್ತೆಗೆ ಹೋಗಿ ಆಟೋಗಳ ಕಡೆ ಮುಖಮಾಡಿ ನಿಂತಳು. ಪೇಚ್ಚಿಯಮ್ಮ ಎರಡು ಹೆಜ್ಜೆ ಮುಂದಿಟ್ಟು ಹಿಂದೆ ಸರಿದಳು.

"ಬರ್ತಾರೆ ಬಿಡಿ," ಎಂದ ಕದಿರೇಶನ್.

"ನಿಂಗೆ ಗೊತ್ತಿಲ್ಲ ತಂಬಿ, ಹಟಮಾರಿ. ನನ್ನ ಹಾಗೇನೇ."

ಬಂದಳು. ತಾಯಿಯ ಕಡೆ ನೋಡದೆ ಪ್ರೋ ಕೊಂಡಳು. ಸಿಮ್ಮು ಹಾಕಿಸಿ, ಪಕ್ಕದ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು, ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ತವಮಣಿಯನ್ನು ಕರೆದಳು. ಮರದ ಪುಡಿ ಮೆತ್ತಿದ ತಲೆಯ ಹುಡುಗ ಕಾಣಿಸಿಕೊಂಡ. ಆಮೇಲೆ ಇಬ್ಬರ ಕೈಗಳೂ ಓಡತೊಡಗಿದವು. ಎದುರು ಬೆಂಚಿನಲ್ಲಿ ಕೂತ ಪೇಚ್ಚಿಯಮ್ಮನಿಗೆ ಶಾಲೆಯ ಆ ಸನ್ನೆಗಳಲ್ಲಿ ಒಂದೂ ಅರ್ಥವಾಗಲಿಲ್ಲ. ಮಗಳು ಸಿಟ್ಟಾದಳು, ಅವನು ಏನೋ ಸಮಾಧಾನ ಹೇಳಿದ, ಮಗಳು ನಕ್ಕಳು. ಅಷ್ಟು ಬೇಗಬೇಗ, ಅಷ್ಟು ಹೊತ್ತು ಅವಳು ಮಾತಾಡಿದ್ದನ್ನು ತಾಯಿ ಕಂಡೇ ಇರಲಿಲ್ಲ.

ಕರೆ ಮುಗಿಸಿದ ಇಳವರಸಿ ಮನೆಸನ್ನೆಯಲ್ಲಿ ಹೇಳಿದಳು. 'ತಿರುಚ್ಚಿಗೇ ಹೋಗ್ತೀನಿ. ಅವನು ಕೇಳಿದ್ದಕ್ಕಲ್ಲ. ಅಲ್ಲಿ ನನ್ನಂಥವರು ಹತ್ತಾರು ಜನ ಸೇರಿ ಕಸೂತಿ ಮಾಡ್ತಾರಂತೆ. ನನಗೂ ಮಾತಾಡೋಕೆ ಜನ ಬೇಕು.'

'ನಾನಿಲ್ವಾ?' ಎಂದಳು ತಾಯಿ.

'ನೀನು ಮುಚ್ಚಿಡ್ತೀಯ.'

ಪೇಚ್ಚಿಯಮ್ಮ ತಲೆ ತಗ್ಗಿಸಿದಳು. ಇಳವರಸಿ ಗಲ್ಲ ಹಿಡಿದು ಆ ಮುಖವನ್ನು ಮೇಲೆತ್ತಿದಳು. ಕಣ್ಣಿಗೆ ಕಣ್ಣು ಸೇರದೆ ಅವಳ ಜಗಳವೂ ಮುಂದುವರಿಯುವಂತಿರಲಿಲ್ಲ. ಮನೆ ಮುಟ್ಟುವವರೆಗೂ ಜಗಳವಾಡಿದರು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ತಿರುಗಿ ನೋಡಿದರು.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ ನಡೆಯಿತು, ಇಳವರಸಿ ತಿರುಚ್ಚಿ ಸೇರಿದಳು. ಪೇಚ್ಚಿಯಮ್ಮ ಈಗ ಭಾನುವಾರಗಳಲ್ಲಿ ಕಿವುಡರ ಶಾಲೆಗೆ ಹೋಗುತ್ತಾಳೆ. ಚಿಕ್ಕ ಮಕ್ಕಳ ತಾಯಂದಿರ ನಡುವೆ ಕೂತು ಸನ್ನೆ ಕಲಿಯುತ್ತಾಳೆ. ಬೆರಳು ಬೇಗ ಬಾಗುವುದಿಲ್ಲ, ಕಲಿಸುವ ಹುಡುಗಿಯ ಹತ್ತಿರ ಬೈಸಿಕೊಳ್ಳುತ್ತಾಳೆ.