ಜರಡಿ ಹಿಡಿಯದ ಆರು ಪೆಟ್ಟಿಗೆ

ನಾಲ್ಕು ದಿನ ಸುರಿದ ಮಳೆ ಆ ಬೆಳಗ್ಗೆ ನಿಂತಿತ್ತು. ಕರವಾಂಕೆ ಬೆಟ್ಟದ ಕಣಿವೆಯಲ್ಲಿ ಊರಿನವರು ತಂದಿಟ್ಟ, ಒಂದೊಂದು ಕನ್ನೆ ರಾಣಿಜೇನಿದ್ದ ನಲವತ್ತು ಪುಟ್ಟ ಪೆಟ್ಟಿಗೆಗಳು ಹುಲ್ಲಿನ ಮೇಲೆ ಸಾಲಾಗಿದ್ದವು. ಸುತ್ತಮುತ್ತ ಹೊರಗಿನ ಜೇನಿರಲಿಲ್ಲ. ಈ ರಾಣಿಗಳು, ಉರ್ಶಾ ಕಣಿವೆಯ ಅಂಚಿನ ತನ್ನ ದೊಡ್ಡ ಗೂಡುಗಳಲ್ಲಿ ಸಾಕಿದ ಬೂದುಬಣ್ಣದ ಗಂಡುನೊಣಗಳನ್ನಷ್ಟೇ ಕೂಡಬೇಕು. ಮೊಟ್ಟೆಯಿಟ್ಟ ಮೇಲೆ ಗಂಡು ನೊಣವಾಗಿ ಹೊರಬರಲು ಇಪ್ಪತ್ತನಾಲ್ಕು ದಿನ, ಬಲಿಯಲು ಮತ್ತೆ ಹನ್ನೆರಡು. ಅದನ್ನು ಲೆಕ್ಕ ಹಾಕಿ ಅವಳು ಮಾರ್ಚಿನಲ್ಲೇ ಸಿದ್ಧತೆ ಮಾಡಿದ್ದಳು. ಚಳಿಗೆ ರಾಣಿಯನ್ನು ಕಳೆದುಕೊಂಡ ಗೂಡುಗಳು ಕೆಳಗೆ ಊರಿನ ಹನ್ನೊಂದು ಮನೆಗಳಲ್ಲಿ ಈ ರಾಣಿಗಳಿಗಾಗಿ ಕಾದಿದ್ದವು.

ಹತ್ತೂವರೆಗೆ ಅವಳು ಮೈದುನ ಲೆನಾರ್ತನ ಪೆಟ್ಟಿಗೆಯೊಂದರ ಮುಚ್ಚಳ ಎತ್ತಿದಳು. ಒಳಗೆ ಹಳದಿ ಪಟ್ಟೆಯ ಮೂರು ಗಂಡುನೊಣಗಳಿದ್ದವು. ಪೆಟ್ಟಿಗೆಗೆ ನೊಣ ತುಂಬುವ ಮೊದಲು ಜರಡಿ ಹಿಡಿದು ಗಂಡುಗಳನ್ನು ಬೇರ್ಪಡಿಸಬೇಕೆಂಬುದು ಅಲ್ಲಿಯ ಮೊದಲ ಕಟ್ಟಳೆ.

“ಜರಡಿ ಹಿಡಿದ್ಯಾ?”

“ಮಳೆ ಬರ್ತಿತ್ತಲ್ಲ ಅತ್ತಿಗೆ. ಹಂಗೇ ತುಂಬ್ದೆ.”

“ಪ್ಲಮ್ ಬ್ರಾಂದಿ ಬಗ್ಗಿಸ್ಕೊಳ್ಳೋಕೆ ಕೈ ಬಂತು, ಜರಡಿ ಹಿಡಿಯೋಕೆ ಬರಲಿಲ್ಲ.”

“ನಿಮ್ಮ ಸಾವಿರಾರು ಗಂಡಿನ ಮಧ್ಯೆ ನಂದು ಮೂರು ಎಲ್ಲಿ ಕಾಣುತ್ತೆ ಬಿಡಿ.”

“ಒಂದೊಂದು ರಾಣಿ ಹತ್ತು ಹದಿನೈದು ಗಂಡಿನ ಜೊತೆ ಕೂಡುತ್ತೆ. ಒಂದೇ ಒಂದು ನಿಂದಾದ್ರೂ ತಳಿ ಕೆಟ್ಟ ಹಾಗೇ. ಮೂವತ್ತು ವರ್ಷ ಕಾಪಾಡಿದ್ದೀನಿ ಕಣೋ ಈ ತಳೀನ.”

“ಹಂಗಾದ್ರೆ ನನ್ನ ಆರು ಪೆಟ್ಟಿಗೆ ಮುಚ್ಚಿ. ಉಳಿದವರಿಗೆ ಇವತ್ತಿನ ಬಿಸಿಲಾದ್ರೂ ಸಿಗ್ಲಿ. ನಾಳೆಯಿಂದ ಮತ್ತೆ ವಾರ ಮಳೆಯಂತೆ.”

“ನಿನ್ನೆ ಮಳೆ ಮಧ್ಯೆ ಅರ್ಧ ಗಂಟೆ ಬಿಸಿಲು ಬಿದ್ದಿತ್ತು. ಆ ಚಳಿಗೆ ರಾಣಿ ಹೊರಡಲ್ಲ, ಗಂಡು ಹೊರಡುತ್ತೆ. ಹೊರಟಿದ್ದು ಯಾವ ಪೆಟ್ಟಿಗೆಗೆ ಹೋದ್ರೂ ಅಲ್ಲಿನ ನೊಣ ಒಳಗೆ ಬಿಟ್ಕೊಳ್ತವೆ.”

ಅವಳು ನಲವತ್ತು ಪೆಟ್ಟಿಗೆಗಳ ಬಾಗಿಲ ತಗಡನ್ನೂ ಕಿರಿದಾದ ಸಂದಿಗೆ ತಿರುಗಿಸಿದಳು. ಕೆಲಸದ ನೊಣ ಮಾತ್ರ ನುಸುಳುವಷ್ಟು ಸಂದಿ; ಗಂಡಾಗಲಿ ರಾಣಿಯಾಗಲಿ ಹೊರಬರುವಂತಿರಲಿಲ್ಲ. ಬಳಿಕ ಇಬ್ಬರೂ ಒಂದೊಂದಾಗಿ ಜರಡಿ ಹಿಡಿಯತೊಡಗಿದರು. ಮಧ್ಯಾಹ್ನ ಅವಳ ಗಂಡುನೊಣಗಳು ಕಣಿವೆಯ ಮೇಲೆ ಗುಂಪುಗಟ್ಟಿ ಮೊರೆದವು. ಅವುಗಳ ಬಳಿಗೆ ಒಂದು ರಾಣಿಯೂ ಏರಲಿಲ್ಲ. ಉರ್ಶಾ ಮುಂದಿನ ಪೆಟ್ಟಿಗೆಗೆ ಜರಡಿ ಹಿಡಿದಳು.

ನಾಲ್ಕು ಗಂಟೆಗೆ ಡಬ್ಬಿಯಲ್ಲಿ ಹಳದಿ ಪಟ್ಟೆಯ ಹನ್ನೊಂದು ಗಂಡುಗಳಿದ್ದವು. ಅವುಗಳಲ್ಲಿ ನಾಲ್ಕು ಸಿಕ್ಕಿದ್ದು ಬೇರೆಯವರ ಪೆಟ್ಟಿಗೆಗಳಲ್ಲಿ.

“ಒಟ್ಟು ಎಷ್ಟು ತಂದಿದ್ದೆ?”

ಲೆನಾರ್ತ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಯಾರು ಎಣಿಸಿದ್ರು ಅತ್ತಿಗೆ.”

ಯಾವ ಒಟ್ಟಿನಿಂದ ಹನ್ನೊಂದನ್ನು ಕಳೆಯಬೇಕೆಂಬುದೇ ಗೊತ್ತಿರಲಿಲ್ಲ. ಕಣಿವೆಯ ಯಾವುದೋ ಕೊಂಬೆಯಲ್ಲಿ ಇನ್ನೊಂದು ಕುಳಿತಿಲ್ಲವೆಂದು ಯಾರೂ ಆಣೆಯಿಡುವಂತಿರಲಿಲ್ಲ. ಉರ್ಶಾ ಬಣ್ಣದ ಡಬ್ಬಿ ತಂದು ಮೊದಲು ತನ್ನ ಎಂಟು ಪೆಟ್ಟಿಗೆಗಳ ಮುಚ್ಚಳದ ಮೇಲಿದ್ದ ತಳಿಯ ಹೆಸರನ್ನು ಬಣ್ಣ ಬಳಿದು ಅಳಿಸಿದಳು. ಅನಂತರ ಉಳಿದ ಮೂವತ್ತೆರಡರದ್ದನ್ನೂ.

“ಎಲ್ಲಾ ಕೆಳಗಿಳಿಸು. ಊರಿನ ಯಾವ ಗಂಡಿನ ಜೊತೆಯಾದ್ರೂ ಕೂಡ್ಲಿ. ಗೂಡು ಉಳಿಯುತ್ತೆ, ತಳಿ ಉಳಿಯಲ್ಲ.”

“ಊರಿನ ಆ ಹನ್ನೊಂದು ಮನೆಯವರಿಗೆ ಏನು ಹೇಳ್ತೀರಿ?”

“ನಾನ್ಯಾಕೆ ಹೇಳ್ಲಿ? ಹನ್ನೊಂದು ಬಾಗಿಲೂ ನೀನೇ ತಟ್ಟು. ಏನು ಹೇಳ್ತೀಯ ಅಂತ ನಾನು ಹಿಂದೆ ನಿಂತು ಕೇಳ್ತೀನಿ.”

ಅವನು ಮೊದಲ ಪೆಟ್ಟಿಗೆಯನ್ನು ಎತ್ತಿಕೊಂಡ.